ಮೈಕು ಮತ್ತು ಹಳೆಯ ಕೌದಿ

ತಂಗಿಯ ಮಗಳ ಸೀಮಂತಕ್ಕೆ ಸೋಬಾನೆ ಪದ ಹಾಡಿ, ರೆಕಾರ್ಡು ಮಾಡಿ ಕಳಿಸಬೇಕೆಂದು ಗುರುಬಸಮ್ಮ ಹೊಸ ಮೈಕು ತಂದಳು. ಖಾಲಿ ಕೋಣೆಯಲ್ಲಿ ಮೂರು ಸಲ ಹಾಡಿದಳು. ಮೂರು ಸಲವೂ ದನಿ ಬಾವಿಯೊಳಗಿಂದ ಬಂದಂತೆ ಕೇಳಿಸಿತು. "ಇನ್ನೊಂದು ಸಲ ಹೀಗಾದರೆ ಈ ಮೈಕನ್ನು ಅಂಗಡಿಗೇ ವಾಪಸು ಕೊಡುತ್ತೇನೆ" ಎಂದು ನೀರು ಕುಡಿಯಲು ಒಳಗೆ ಹೋದಳು.

"ತಪ್ಪು ಅವಳ ಗಂಟಲಿನದು," ಎಂದಿತು ಮೈಕು. "ನಾನು ಕಿವಿಗೆ ಬಿದ್ದದ್ದನ್ನೇ ಹೇಳುತ್ತೇನೆ."

"ತಪ್ಪು ಗೋಡೆಗಳದು," ಎಂದಿತು ಟ್ರಂಕಿನ ಮೇಲಿದ್ದ ಹಳೆಯ ಕೌದಿ. "ಅವಳು ಒಂದು ಸಲ ಹಾಡಿದರೆ ನಾಲ್ಕು ಗೋಡೆಗಳೂ ತಿರುಗಿ ಹಾಡುತ್ತವೆ. ನಾನು ಅವಳ ಬೆನ್ನ ಹಿಂದೆ ನಿಂತರೆ ಸರಿಹೋದೀತು."

"ನೀನು ಹರಿದ ಸೀರೆಗಳ ಕಂತೆ. ನಿನಗೇನು ಗೊತ್ತು ಸಂಗೀತ?"

ಗುರುಬಸಮ್ಮ ಬಂದಾಗ ಕೌದಿ, "ನನ್ನನ್ನು ನಿನ್ನ ಬೆನ್ನ ಹಿಂದಿರುವ ಬಟ್ಟೆಯ ಹಗ್ಗದ ಮೇಲೆ ಹಾಕು ತಾಯಿ" ಎಂದಿತು. ಅವಳು ಹಾಕಿದಳು, ಹಾಡಿದಳು, ಕೇಳಿ ನೋಡಿ ನಕ್ಕುಬಿಟ್ಟಳು. ಪಕ್ಕದಲ್ಲೇ ಕೂತು ಹಾಡಿದಂತಿತ್ತು.

"ಏನು ಮಾಡಿದೆ ನೀನು?" ಮೈಕು ಮೆಲ್ಲಗೆ ಕೇಳಿತು.

"ಕಿವಿಗೆ ಬಿದ್ದದ್ದನ್ನು ತಿರುಗಿ ಹೇಳಲಿಲ್ಲ, ಅಷ್ಟೆ. ನನ್ನನ್ನು ಹೊಲಿಯುವಾಗ ಓಣಿಯ ಹೆಂಗಸರು ಎರಡು ತಿಂಗಳು ಸುತ್ತ ಕೂತು ಮಾತಾಡಿದ್ದರು. ಅದರಲ್ಲಿ ಒಂದು ಮಾತಾದರೂ ಇಂದಿನವರೆಗೆ ಹೊರಗೆ ಬಂದಿದೆಯೇ?"