ಪುಡಿ ದೇವೀರಮ್ಮನ ಉಗ್ರಾಣ

ಬಲು ಹಿಂದೆ, ನಮ್ಮ ಪೇಟೆಗಿನ್ನೂ ಗಡಿಯಾರ ಬಂದಿರದ ಕಾಲದಲ್ಲಿ, ಇಲ್ಲಿ ದೇವೀರಮ್ಮ ಅಂತ ಒಬ್ಬಳಿದ್ದಳಂತೆ. ದೊರೆಯ ಹಳೇ ಉಗ್ರಾಣದ ಜಗಲಿಯಲ್ಲಿ ಕೂತು ರಂಗೋಲಿ ಪುಡಿ ಮಾರುವವಳು. ಆ ಉಗ್ರಾಣವೋ, ಅಬ್ಬಬ್ಬಾ! ಈ ತುದಿಯಲ್ಲಿ ನಿಂತರೆ ಆ ತುದಿಯ ಆಳು ಹೆಬ್ಬೆರಳಿನಷ್ಟು ಕಾಣುತ್ತಿದ್ದನಂತೆ. ಕಾಳು ತುಂಬುವುದು ನಿಂತ ಮೇಲೆ ಅದು ಖಾಲಿ ಬಿದ್ದಿತ್ತು.

ಮನೆ ಕಟ್ಟುವವರನ್ನು ದೇವೀರಮ್ಮ ಸುಮ್ಮನೆ ಬಿಡುತ್ತಿರಲಿಲ್ಲವಂತೆ. ಒಳಗೆ ಕರೆದು, ಕಲ್ಲುಹಾಸಿನ ಮೇಲೆ ಅವರ ಮನೆಯನ್ನು ಕಟ್ಟುವಷ್ಟೇ ಅಗಲಕ್ಕೆ ಪುಡಿಯಲ್ಲಿ ಎಳೆಸುತ್ತಿದ್ದಳಂತೆ. ಆಮೇಲೆ ಅತ್ತೆ, ಸೊಸೆ, ಮಕ್ಕಳು ಎಲ್ಲ ಅದರೊಳಗೆ ಓಡಾಡಬೇಕು. ಅಡುಗೆಮನೆ ಇಕ್ಕಟ್ಟು ಅಂತ ಜಗಳ ಹತ್ತಿದರೆ ಅವಳಿಗೆ ಎಲ್ಲಿಲ್ಲದ ಖುಷಿ. ಕಾಲಲ್ಲಿ ಒರೆಸು, ಇನ್ನೊಂದು ಸಲ ಎಳಿ! ಪೇಟೆಗೆ ಪೇಟೆಯೇ ಅಲ್ಲಿ ನೆರೆಯುತ್ತಿತ್ತಂತೆ.

ಹೀಗಿರುವಾಗ ದೊರೆಗೆ ಹೊಸ ಅರಮನೆಯ ಹುಚ್ಚು ಹತ್ತಿತು. ಕಲ್ಲು ಬೇಕು, ಉಗ್ರಾಣ ಕೆಡವಿ ಅಂತ ಅಪ್ಪಣೆಯಾಯಿತು. ಹಾರೆ ಹಿಡಿದ ಆಳುಗಳು ಬಂದೇಬಿಟ್ಟರು. ದೇವೀರಮ್ಮ ಓಡಿಹೋಗಿ ದೊರೆಯ ಕುದುರೆಗೇ ಅಡ್ಡ ನಿಂತಳಂತೆ, ಏನು ಗುಂಡಿಗೆ ನೋಡಿ!

"ಬುದ್ಧೀ, ನಿಮ್ಮರಮನೇನೂ ಒಂದ್ಸಲ ಇಲ್ಲೇ ಎಳ್ದು ನೋಡ್ಬುಡಿ. ಆಮ್ಯಾಕೆ ಕೆಡವ್ಸಿ," ಅಂದಳಂತೆ.

ದೊರೆಗೂ ಆಸೆಯಾಯಿತು. ಚೀಲಗಟ್ಟಲೆ ಪುಡಿ ಸುರಿದು ಅರಮನೆ ಎಳೆದರು. ಮುಂದಿನ ತುದಿಗೆ ದರ್ಬಾರು, ಹಿಂದಿನ ತುದಿಗೆ ಬಾಣಂತಿ ಕೋಣೆ. ತಾಯಿಯಿಲ್ಲದ ಮಗಳು ಚೊಚ್ಚಲ ಹೆರಿಗೆಗೆ ಅಪ್ಪನ ಹತ್ತಿರ ಬಂದಿದ್ದಳು. ಹೋಗಿ ಆ ಕೋಣೆಯಲ್ಲಿ ಕೂತಳು. ದೊರೆ ದರ್ಬಾರಿನಲ್ಲಿ ಹೊಗಳುಭಟರ ನಡುವೆ ಮೆರೆಯುತ್ತಿದ್ದ. ಅಪ್ಪನನ್ನು ಒಮ್ಮೆ ಕೂಗವ್ವ ಅಂತ ದೇವೀರಮ್ಮ ಆ ಹುಡುಗಿಗೆ ಹೇಳಿದಳಂತೆ. ಕೂಗಿದಳು. ದೊರೆ ತಿರುಗಲಿಲ್ಲ. ಗಂಟಲು ಹರಿಯುವಂತೆ ಕೂಗಿದಳು. ದೊರೆ ನಗುತ್ತಲೇ ಇದ್ದ.

ದೇವೀರಮ್ಮ ಅವನ ಮುಂದೆ ಹೋಗಿ ನಿಂತಳಂತೆ. "ಮಗಳು ಕೂಗಿದ್ದು ಗ್ವಾಡೆ ಇಲ್ದಾಗ್ಲೇ ಕೇಳ್ನಿಲ್ಲ ಬುದ್ಧೀ. ಗ್ವಾಡೆ ಎದ್ಮ್ಯಾಕೆ ಕೇಳ್ತದಾ?"

ದೊರೆಯ ಮುಖ ಇಳಿದುಹೋಯಿತು. ಎಲ್ಲರೆದುರೇ ಕಾಲಲ್ಲಿ ಗೆರೆ ಒರೆಸಿಕೊಂಡು ಮಗಳ ತನಕ ನಡೆದನಂತೆ. ಹಾರೆಯವರನ್ನು ವಾಪಸು ಕಳಿಸಿದನಂತೆ.

ಉಗ್ರಾಣ ಉಳಿಯಿತು! ಈಗ ಅದೇ ನಮ್ಮೂರಿನ ವಿನ್ಯಾಸ ಕೇಂದ್ರ. ಒಳಗೆ ಕಂಪ್ಯೂಟರುಗಳಿವೆ, ದೂರದೂರದಿಂದ ಆರ್ಕಿಟೆಕ್ಟುಗಳು ಬರುತ್ತಾರೆ. ಆದರೂ ಯಾರೇ ಮನೆ ಕಟ್ಟಲಿ, ಮೊದಲು ಅಲ್ಲಿ ಪುಡಿಯಲ್ಲಿ ಎಳೆಯುತ್ತಾರೆ. ಮನೆಯಲ್ಲಿ ಯಾರು ಅಶಕ್ತರೋ ಅವರನ್ನು ಅವರ ಕೋಣೆಯಲ್ಲಿ ಕೂರಿಸುತ್ತಾರೆ. ಅವರು ಕೂಗುತ್ತಾರೆ. ಉಳಿದವರು ಕಿವಿಗೊಟ್ಟು ನಿಲ್ಲುತ್ತಾರೆ. "ಓ, ಬಂದೆ!" ಅಂತ ಉತ್ತರ ಬಂದ ಮೇಲೆಯೇ ಪಾಯ ತೋಡುವುದು.