ಪಂಡಿತ ಚೀಟಿ ಮುಟ್ಟದ ದಿನ

ಗಿಳಿಗೆ ಹಣೆಬರಹ ಓದಲು ಬರುತ್ತದೆ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರಂತೆ. ಮನುಷ್ಯರಿಗೆ ಬರುವುದಿಲ್ಲ, ಗಿಳಿಗೆ ಬರುತ್ತದೆ. ಯಾಕೆ ಅಂತ ಯಾರೂ ಕೇಳಲಿಲ್ಲವಂತೆ.

ಅಂಥ ಕಾಲದ ಒಂದಾನೊಂದು ಊರಿನಲ್ಲಿ ಕೆಂಚಯ್ಯ ಅಂತ ಒಬ್ಬ ಗಿಳಿಶಾಸ್ತ್ರದವನಿದ್ದ. ಅವನಿಗೊಬ್ಬಳು ಹೆಂಡತಿ, ಸಾಕಮ್ಮ. ಒಬ್ಬಳು ಮಗಳು, ಹೊನ್ನಿ. ಒಂದು ಬಿದಿರಿನ ಪಂಜರ, ಪಂಜರದಲ್ಲೊಂದು ಗಿಳಿ. ಗಿಳಿಯ ಹೆಸರು ಪಂಡಿತ. ಕರೆದರೆ ಬರುವುದು, ಕಳಿಸಿದರೆ ಹೋಗುವುದು, ಇಷ್ಟೇ ಅದರ ಪಾಂಡಿತ್ಯ.

ಕೆಂಚಯ್ಯ ಅರಳಿಕಟ್ಟೆಯ ಮೇಲೆ ಬಟ್ಟೆ ಹಾಸಿ, ಮಡಿಸಿದ ಚೀಟಿಗಳನ್ನು ಸಾಲಾಗಿ ಇಡುತ್ತಿದ್ದ. ಒಂದೊಂದು ಚೀಟಿಯೊಳಗೂ ಒಂದೊಂದು ಚಿತ್ರ. ಒಂದರಲ್ಲಿ ಲಕ್ಷ್ಮಿ, ಒಂದರಲ್ಲಿ ತೊಟ್ಟಿಲ ಕೃಷ್ಣ, ಒಂದರಲ್ಲಿ ಸೀತಾ ಕಲ್ಯಾಣ, ಒಂದರಲ್ಲಿ ಕಾಗೆ ಏರಿದ ಶನಿ. ಪಂಜರದ ಬಾಗಿಲು ತೆಗೆದರೆ ಪಂಡಿತ ಹೊರಗೆ ಬಂದು, ಒಂದು ಚೀಟಿ ಎಳೆದು ಎಸೆಯುತ್ತಿತ್ತು. ಇನ್ನೊಂದು ಎಳೆದು ಎಸೆಯುತ್ತಿತ್ತು. ಮತ್ತೊಂದು ಎಳೆದು, ಬಿಡದೆ ಕಚ್ಚಿ ಹಿಡಿಯುತ್ತಿತ್ತು. ಅದೇ ಬಂದವರ ಹಣೆಬರಹ.

ಎಸೆದ ಚೀಟಿಯಲ್ಲಿ ಕಾಳು ಇರುತ್ತಿರಲಿಲ್ಲ. ಹಿಡಿದ ಚೀಟಿಯ ಮಡಿಕೆಯಲ್ಲಿ ಒಂದು ನವಣೆ ಕಾಳು ಇರುತ್ತಿತ್ತು. ಬಂದವರ ಮುಖ ನೋಡಿ, ಮಾತಾಡಿಸಿ, ಯಾವ ಮಡಿಕೆಗೆ ಕಾಳು ಹೋಗಬೇಕು ಅಂತ ಕೆಂಚಯ್ಯನ ಉಗುರು ತೀರ್ಮಾನಿಸುತ್ತಿತ್ತು. ಅವನು ಕೆಟ್ಟವನಲ್ಲ. ಶನಿಯ ಚೀಟಿಗೆ ಕಾಳು ಹಾಕಿದ್ದು ಒಂದೇ ಸಲ, ಹೆಂಡತಿಗೆ ಹೊಡೆಯುವ ಒಬ್ಬನಿಗೆ. ಶಾಸ್ತ್ರ ಮುಗಿಯುವ ತನಕ ಪಂಡಿತನಿಗೆ ಬೇರೇನೂ ಹಾಕುತ್ತಿರಲಿಲ್ಲ. ಊರಿನವರು ಅದನ್ನು ವ್ರತ ಅಂದುಕೊಂಡು ಪಂಜರಕ್ಕೆ ಕೈ ಮುಗಿಯುತ್ತಿದ್ದರಂತೆ.

ಈ ಕಸುಬಿನವರಲ್ಲಿ ಒಂದು ಕಟ್ಟಳೆ. ಗುಟ್ಟನ್ನು ಮಗನಿಗೆ ಹೇಳಬಹುದು, ಸೊಸೆಗೆ ಹೇಳಬಹುದು. ಮಗಳಿಗೆ ಮಾತ್ರ ಹೇಳಬಾರದು. ಮಗಳು ಇನ್ನೊಂದು ಮನೆಗೆ ಹೋಗುವವಳು, ಗುಟ್ಟೂ ಅವಳ ಹಿಂದೆ ಹೋಗುತ್ತದೆ. ಹಾಗಾಗಿ ಸಾಕಮ್ಮನಿಗೆ ಎಲ್ಲ ಗೊತ್ತಿತ್ತು. ಹೊನ್ನಿಗೆ ಏನೂ ಗೊತ್ತಿರಲಿಲ್ಲ. ಊರೆಲ್ಲ ನಂಬಿದಂತೆ ಅವಳೂ ನಂಬಿದ್ದಳು.

ಹೀಗಿರುವಾಗ ಪಕ್ಕದೂರಿನ ಬಳೆಗಾರರ ಹುಡುಗ ಮಾಚ, ಬಳೆ ತೊಡಿಸಲು ಬಂದವನು ಹೊನ್ನಿಯ ಕೈ ಹಿಡಿದು ಬಿಡುವುದನ್ನೇ ಮರೆತನಂತೆ. ಹೊನ್ನಿಯೂ ನೆನಪಿಸಲಿಲ್ಲವಂತೆ. ಎರಡು ಮನೆಯವರೂ ಒಪ್ಪಿದರು. ಒಪ್ಪದವಳು ಒಬ್ಬಳೇ, ಹುಡುಗನ ಅಜ್ಜಿ ಮುದ್ದವ್ವ.

"ಪಂಡಿತ ಚೀಟಿ ತೆಗೀಲಿ," ಅಂದಳು ಮುದ್ದವ್ವ. "ಕಲ್ಯಾಣದ ಚೀಟಿ ಬಂದ್ರೆ ಅಲ್ಲೇ ತಾಂಬೂಲ. ಬರಲಿಲ್ಲ ಅಂದ್ರೆ ನಿಮ್ಮನೆ ನೀರೂ ಕುಡಿಯಲ್ಲ, ಎದ್ದು ಬರ್ತೀನಿ."

"ಸ್ವಂತ ಮನೆಗೆ ಚೀಟಿ ತೆಗೆಸೋದು ನಮ್ಮಲ್ಲಿ ಇಲ್ಲ, ಅವ್ವಾ," ಅಂದ ಕೆಂಚಯ್ಯ.

"ಊರಿಗೆಲ್ಲ ತೆಗೆಯೋ ಗಿಳಿ ಮನೆ ಮಗಳಿಗೆ ತೆಗೆಯಲ್ವಾ? ಹುಡುಗಿಗೆ ಏನೋ ಐಬಿರಬೇಕು."

ಕೆಂಚಯ್ಯ ಒಪ್ಪಿದ. ಮನೆಗೆ ಬಂದವನೇ ಕಲ್ಯಾಣದ ಚೀಟಿಗೆ ಬೇರೆಲ್ಲ ಕಾಳಿಗಿಂತ ದಪ್ಪದ ಒಂದು ಕಾಳು ಆರಿಸಿದ.

"ಇದೊಂದು ಸಲ ತಪ್ಪಿದರೆ?" ಅಂದಳು ಸಾಕಮ್ಮ.

"ಎಂದಾದರೂ ತಪ್ಪಿದೆಯೇನೇ?"

"ಇಲ್ಲ. ಆದರೂ ನಾನು ಪಂಡಿತನಿಗೊಂದು ಹರಕೆ ಹೊತ್ತಿದ್ದೀನಿ."

"ಕಾಳು ಹಾಕೋದು ನಾನು, ಹರಕೆ ಅದಕ್ಕಾ?"

"ನಿಮಗೆ ಹರಕೆ ಹೊತ್ತರೆ ಯಾವ ದೇವರು ಕೇಳ್ತಾನೆ?" ಅಂದು ಸಾಕಮ್ಮ ಒಳಗೆ ಹೋದಳಂತೆ.

ಹೇಳಿದ ದಿನ ಬಂತು. ಬಳೆಗಾರರು ಬಂದರು. ಜಗುಲಿಯ ಮೇಲೆ ಬಟ್ಟೆ ಹಾಸಿದರು, ಚೀಟಿ ಜೋಡಿಸಿದರು. ಒಂದು ಕಡೆ ಹೊನ್ನಿ ಕೂತಳು, ಎದುರಿಗೆ ಮುದ್ದವ್ವ, ಮುದ್ದವ್ವನ ಬೆನ್ನಿಗೆ ಮಾಚ. ಕೆಂಚಯ್ಯ ಪಂಜರದ ಬಾಗಿಲು ತೆಗೆದು ಎಂದಿನ ರಾಗದಲ್ಲಿ ಕೂಗಿದ.

"ಬಾರೋ ಪಂಡಿತಾ, ಹೊನ್ನಿ ಹೆಸರಿಗೆ ಒಂದು ಚೀಟಿ ತೆಗೆಯಪ್ಪಾ!"

ಪಂಡಿತ ಹೊರಗೆ ಬಂತು. ಮೊದಲ ಚೀಟಿ ನೋಡಿತು, ಎಸೆಯಲಿಲ್ಲ. ಎರಡನೆಯದು ನೋಡಿತು, ಎಸೆಯಲಿಲ್ಲ. ಕಲ್ಯಾಣದ ಚೀಟಿಯ ಹತ್ತಿರ ನಿಂತಿತು. ಕೆಂಚಯ್ಯ ಮುಂದಕ್ಕೆ ಬಾಗಿದ. ಪಂಡಿತ ಆ ಚೀಟಿಯ ಮೇಲೆ ಕಾಲಿಟ್ಟು ದಾಟಿಕೊಂಡು ಮುಂದೆ ಹೋಯಿತು.

ಹೋಗಿ ಹೊನ್ನಿಯ ಮೊಣಕಾಲು ಹತ್ತಿತು. ಅವಳ ಸೆರಗಿಗೆ ಕೊಕ್ಕನ್ನು ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ ಒರೆಸಿತು. ರೆಕ್ಕೆ ಉಬ್ಬಿಸಿ, ಕಣ್ಣು ಮುಚ್ಚಿ ಕೂತುಬಿಟ್ಟಿತು.

"ಬಾರೋ ಪಂಡಿತಾ," ಅಂದ ಕೆಂಚಯ್ಯ. ಬರಲಿಲ್ಲ.

"ಬಾರಪ್ಪಾ," ಅಂದಳು ಸಾಕಮ್ಮ. ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು.

ಹೊನ್ನಿಯ ಕಣ್ಣಲ್ಲಿ ನೀರು ತುಂಬಿತು. ಹುಡುಗನ ಅಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿದ. "ಏಳವ್ವ. ಚೀಟಿ ಬರಲಿಲ್ಲ."

"ಅಜ್ಜೀ," ಅಂದ ಮಾಚ, "ಅದಕ್ಕೆ ಅವಳನ್ನ ಬಿಟ್ಟು ಏಳೋ ಮನಸ್ಸಿಲ್ಲ. ನನಗೂ ಅಷ್ಟೇ."

"ಬಾಯಿ ಮುಚ್ಚೋ," ಅಂದಳು ಮುದ್ದವ್ವ. ಬಗ್ಗಿ ಗಿಳಿಯನ್ನು ಹತ್ತಿರದಿಂದ ನೋಡಿದಳು. ಆಮೇಲೆ ಕೆನ್ನೆ ಕೆನ್ನೆ ಬಡಿದುಕೊಂಡಳಂತೆ.

"ಲೋ ಮಂಕುಗಳಾ, ಕಾಣಿಸ್ತಿಲ್ವಾ? ನಮ್ಮಂಥವರಿಗೆ ಆದ್ರೆ ಹುಡುಕಿ ಹುಡುಕಿ ಚೀಟಿ ತೆಗೀಬೇಕು. ಈ ಹುಡುಗಿಗೆ ಚೀಟೀನೇ ಬೇಡ ಅಂತು ಪಂಡಿತ! ಚೀಟಿ ತುಳಕೊಂಡು ಬಂದು ಮಡಿಲು ಸೇರಿದೆ, ಧ್ಯಾನಕ್ಕೆ ಕೂತಿದೆ. ಇನ್ನೇನು ಬಾಯಿ ಬಿಟ್ಟು ಹೇಳಬೇಕಾ? ತಾಂಬೂಲ ತನ್ನಿ!"

ತಾಂಬೂಲ ತಂದರು. ಮದುವೆ ಆಯಿತು. ಗಿಳಿಯನ್ನು ಮಡಿಲಲ್ಲಿ ಕೂರಿಸಿಕೊಂಡ ಹುಡುಗಿ ಅಂತ ಹೊನ್ನಿಗೆ ಸುತ್ತಲ ಊರುಗಳಲ್ಲಿ ಹೆಸರು ಬಂತು. ಅವಳ ಕೈಯಿಂದ ಬಳೆ ತೊಟ್ಟರೆ ಒಳ್ಳೆಯದಾಗುತ್ತದೆ ಅಂತ ಹೆಂಗಸರು ಸಾಲು ನಿಂತರಂತೆ.

ಅತ್ತ ಕೆಂಚಯ್ಯ ಕಲ್ಯಾಣದ ಚೀಟಿ ಬಿಡಿಸಿ ನೋಡಿದ. ದಪ್ಪದ ಕಾಳು ಹಾಕಿದಲ್ಲೇ ಇತ್ತು. ಪಂಡಿತನನ್ನು ನೋಡಿದ. ಪಂಡಿತನೂ ಅವನನ್ನು ನೋಡಿತು. ಊರಲ್ಲಿ ಗಿಳಿಶಾಸ್ತ್ರ ನಂಬದೆ ಇದ್ದ ಗಂಡಸು ಅವನೊಬ್ಬನೇ. ಅವನೂ ಕೈ ಮುಗಿದುಬಿಟ್ಟನಂತೆ.

"ಏನ್ರೀ, ನೀವೂನಾ?" ಅಂದಳು ಸಾಕಮ್ಮ.

"ಸುಮ್ಮನಿರೇ. ಅದಕ್ಕೆ ಗೊತ್ತಾಗುತ್ತೆ."

ಅಂದಿನಿಂದ ಅವನು ಮಡಿಕೆಗೆ ಕಾಳು ಹಾಕುವುದನ್ನು ಬಿಟ್ಟ. ಪಂಡಿತ ತನಗೆ ತೋಚಿದ ಚೀಟಿ ಎಳೆಯುತ್ತಿತ್ತು, ಅವನು ಭಕ್ತಿಯಿಂದ ಓದುತ್ತಿದ್ದ. ಮೊದಲು ಎಷ್ಟು ನಿಜವಾಗುತ್ತಿತ್ತೋ ಆಮೇಲೂ ಅಷ್ಟೇ ನಿಜವಾಯಿತು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲವಂತೆ.

ಹೊನ್ನಿ ತವರಿಗೆ ಬಂದಾಗಲೆಲ್ಲ ಅಪ್ಪ ಆ ದಿನದ ಕಥೆ ಹೇಳುತ್ತಿದ್ದ, ಅವಳು ತಲೆದೂಗುತ್ತಿದ್ದಳು. ಗುಟ್ಟು ಗೊತ್ತಿಲ್ಲದ್ದರಿಂದ, ತನ್ನ ಹತ್ತಿರ ಹೇಳುವಂಥದ್ದು ಒಂದಿದೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಅವರೆಲ್ಲ ಕೈ ತುಂಬ ಬಳೆ ತೊಟ್ಟು ಅಲ್ಲಿದ್ದಾರೆ, ನಾವು ಬರಿಗೈಯಲ್ಲಿ ಇಲ್ಲಿ ಕೂತಿದ್ದೇವೆ. ಕಥೆ ಇಷ್ಟೇ.

ಉಳಿದದ್ದು ಒಂದು ಮಾತು. ಆ ದಿನ ಬೆಳಿಗ್ಗೆ, ನೈವೇದ್ಯದಿಂದ ವ್ರತ ಕೆಡುವುದಿಲ್ಲ ಅಂದುಕೊಂಡು, ಒಳ್ಳೆ ಚೀಟಿ ತೆಗೆಯಪ್ಪಾ ಅಂತ ಬೇಡಿಕೊಂಡು, ಹೊನ್ನಿ ಪಂಡಿತನಿಗೆ ಒಂದು ಬಟ್ಟಲು ನೆನೆಸಿದ ಕಡಲೆ ತಿನ್ನಿಸಿದ್ದಳು. ಗಿಳಿಗೆ ಹೊಟ್ಟೆ ತುಂಬಿತ್ತು.