ಹೊಸ್ತಿಲಮ್ಮನ ದಿಬ್ಬ

ನೇರಳಹಟ್ಟಿಯ ಹಳೆಯ ಊರು ಈಗಿನ ಊರಿನ ಪಡುವಲಿಗೆ, ಕರಿಬಂಡೆಗಳ ನಡುವಿನ ಒಂದು ದಿಬ್ಬದ ಮೇಲಿತ್ತು. ಈಗ ಅಲ್ಲಿ ಮನೆಗಳಿಲ್ಲ. ಗೋಡೆಗಳು ಕರಗಿ ಮಣ್ಣಾಗಿವೆ, ಮಣ್ಣಿನ ಮೇಲೆ ತಂಗಡಿ, ಬಂದರೆಯ ಪೊದೆಗಳು, ಅಲ್ಲಲ್ಲಿ ಕಳ್ಳಿ ಬೆಳೆದಿವೆ. ಆದರೆ ದಿಬ್ಬದ ತುದಿಯಲ್ಲಿ ಕಲ್ಲಿನ ಬಾಗಿಲುವಾಡ ಒಂದು ನಿಂತಿದೆ. ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು, ಕೆಳಗೆ ಸವೆದ ಹೊಸ್ತಿಲು. ಹಿಂದೆ ಗೋಡೆಯಿಲ್ಲ, ಮುಂದೆ ಅಂಗಳವಿಲ್ಲ, ಮೇಲೆ ಸೂರಿಲ್ಲ. ಸುತ್ತಲೂ ಬಯಲಾಗಿರುವುದರಿಂದ ಯಾವ ಕಡೆಯಿಂದಲಾದರೂ ಆಚೆಗೆ ಹೋಗಬಹುದು. ಆದರೂ ಆ ಬಾಗಿಲನ್ನು ಯಾರೂ ದಾಟುವುದಿಲ್ಲ. ಕುರಿ ಕಾಯುವವರು ಕೂಡ ಮಂದೆಯನ್ನು ಬಳಸಿಕೊಂಡು ಹೊಡೆಯುತ್ತಾರೆ. ಈ ಜಾಗಕ್ಕೆ ಹೊಸ್ತಿಲಮ್ಮನ ದಿಬ್ಬ ಎಂದು ಹೆಸರು. ಹೆಸರು ಬಂದ ಬಗೆಯನ್ನು ಹಟ್ಟಿಯ ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೇಗಾರರ ಕಾಲದಲ್ಲಿ, ಈ ಸೀಮೆಗೆ ಸಿಡುಬು ಬಂತು. ಆಗ ಅದನ್ನು ಯಾರೂ ರೋಗ ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಒಂದು ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಿದ ಮಾರನೆಯ ದಿನ ಪಕ್ಕದ ಮನೆಯಲ್ಲೂ ಕಟ್ಟುತ್ತಿದ್ದರು. ಹಟ್ಟಿಯ ಸೂಲಗಿತ್ತಿ ಬೋರಕ್ಕನ ಮನೆಗೂ ಬೇವು ಬಂತು. ಅವಳ ಒಬ್ಬಳೇ ಮಗಳು ಮೈತುಂಬ ಕಾವು ಹೊತ್ತು ಮಲಗಿ ಮತ್ತೆ ಏಳಲಿಲ್ಲ. ಮಗಳನ್ನು ಮಣ್ಣಿಗಿಟ್ಟ ಸಂಜೆಯೂ ಬೋರಕ್ಕ ಅಮ್ಮನ ಗುಡಿಗೆ ಹೋಗಿ ಎಂದಿನಂತೆ ಎಣ್ಣೆ ಹಾಕಿ ದೀಪ ಹಚ್ಚಿ ಬಂದಳು. ನೋಡಿದವರು, ಎಂಥ ಭಕ್ತಿ ಎಂದರು. ಅದರಲ್ಲಿ ಭಕ್ತಿ ಎಷ್ಟಿತ್ತು, ಭಯ ಎಷ್ಟಿತ್ತು ಎಂಬುದು ಬೋರಕ್ಕನಿಗೇ ತಿಳಿದಿರಲಿಲ್ಲ. ದೀಪ ನಿಲ್ಲಿಸಿದರೆ ಅಮ್ಮ ಮತ್ತೆ ಬರಬಹುದು ಎಂದು ಅವಳಿಗೆ ಅನ್ನಿಸುತ್ತಿತ್ತು. ಇನ್ನು ಯಾರಿಗಾಗಿ ಬರಬೇಕು ಎಂದು ಕೇಳಿಕೊಳ್ಳುತ್ತಿದ್ದಳು. ಆದರೂ ಸಂಜೆಯಾದರೆ ಕಾಲು ತಾನಾಗಿ ಗುಡಿಯ ಕಡೆ ಎಳೆಯುತ್ತಿತ್ತು.

ಬೇನೆ ನಿಲ್ಲದಿದ್ದಾಗ ಪೂಜಾರಿ ಓಬಣ್ಣ ಹೊರಬೀಡು ಸಾರಿದ. ಈ ಸೀಮೆಯಲ್ಲಿ ಅದು ಹಳೆಯ ಕಟ್ಟಳೆ. ಗೊತ್ತುಮಾಡಿದ ದಿನ ಸೂರ್ಯ ಹುಟ್ಟುವ ಮೊದಲೇ ಎಲ್ಲ ಮನೆಯ ಒಲೆಯನ್ನು ಆರಿಸಿ, ಬೂದಿಯನ್ನು ಹೊರಗೆ ಚೆಲ್ಲಿ, ದನಕರು, ಕೋಳಿ, ನಾಯಿಗಳ ಸಮೇತ ಊರು ಬಿಟ್ಟು ಹೊರಗೆ ಬೀಡು ಬಿಡಬೇಕು. ಊರಬಾಗಿಲಿಗೆ ಜಾಲಿಮುಳ್ಳು ಬಡಿಯಬೇಕು. ಆ ಹಗಲೆಲ್ಲ ಅಮ್ಮ ಒಬ್ಬಳೇ ಬೀದಿ ಬೀದಿ ತಿರುಗಿ, ಮನೆ ಮನೆ ಹೊಕ್ಕು ನೋಡಿ, ತನಗೆ ಬೇಕಾದದ್ದನ್ನು ತೆಗೆದುಕೊಂಡು ಸಂಜೆಗೆ ಊರು ಬಿಡುತ್ತಾಳೆ. ಹೊತ್ತು ಮುಳುಗಿದ ಮೇಲೆ ಹೊಸ ಬೆಂಕಿ ಕಡೆದು, ಆ ಬೆಂಕಿಯೊಡನೆ ಜನ ಒಳಗೆ ಬರಬೇಕು. ಒಳಗೆ ಉಳಿದದ್ದು ಏನೇ ಇರಲಿ, ಮರೆತ ಕೋಳಿಮರಿಯೇ ಇರಲಿ, ಅದು ಅಮ್ಮನ ಪಾಲು. ಸಂಜೆ ಅದು ಜೀವಂತ ಸಿಕ್ಕರೂ ಮರಳಿ ಮನೆಗೆ ಸೇರಿಸುವಂತಿಲ್ಲ. ಗಡಿಯಾಚೆ ಬಿಟ್ಟು ಬರಬೇಕು.

ಆ ಬೆಳಗಿನ ಜಾವ ಜನ ಬೀದಿಯಲ್ಲಿ ಸಾಗುತ್ತಿದ್ದಾಗ ದಿಬ್ಬದ ತುದಿಯ ಮನೆಯ ಈರಕ್ಕ ಊರಬಾಗಿಲಿನ ಹತ್ತಿರ ಕುಸಿದು ಕುಳಿತಳು. ಅವಳಿಗೆ ದಿನ ತುಂಬಿತ್ತು. ಗಂಡ ಕುರಿಮಂದೆಯ ಹಿಂದೆ ಮೂಡಲ ಸೀಮೆಗೆ ಹೋದವನು ಬಂದಿರಲಿಲ್ಲ. ಅತ್ತೆ ಹಿಂದಿನ ಹುಣ್ಣಿಮೆಗೆ ಅಮ್ಮನ ಬೇನೆಯಲ್ಲೇ ತೀರಿಕೊಂಡಿದ್ದಳು. ಕಾಲ ಬುಡದ ಮಣ್ಣು ತೇವವಾದದ್ದನ್ನು ನೋಡಿ ಹೆಂಗಸರು ಹಿಂದೆ ಸರಿದರು. ಪೂಜಾರಿಯ ಮುಖ ಬಿಳಿಚಿತು. ಬೀಡಿನಲ್ಲಿ ಹೆರಿಗೆಯಾದರೆ ಪುರುಡಿನ ಮೈಲಿಗೆ, ಬೀಡು ಕೆಟ್ಟಂತೆ. ಬೀಡು ಕೆಟ್ಟರೆ ಅಮ್ಮ ಹಟ್ಟಿಯನ್ನು ಬಿಡುವುದಿಲ್ಲ. ಈರಕ್ಕನನ್ನು ಹೊರಗೆ ಒಯ್ಯುವಂತಿಲ್ಲ, ಒಳಗೆ ಬಿಡುವಂತಿಲ್ಲ. ಒಬ್ಬೊಬ್ಬರಾಗಿ ಅವಳನ್ನು ಬಳಸಿಕೊಂಡು ಮುಂದೆ ನಡೆದರು. ಬೋರಕ್ಕನೂ ಊರಬಾಗಿಲು ದಾಟಿದಳು. ದಾಟಿದ ಮೇಲೆ ನಿಂತಳು. ತನ್ನ ಗಂಟನ್ನು ನೆರೆಯವಳ ತಲೆಯ ಮೇಲಿಟ್ಟು ಹಿಂದಕ್ಕೆ ತಿರುಗಿದಳು.

"ಎಲ್ಲಿಗೆ ಬೋರಕ್ಕ? ತಲೆ ಕೆಟ್ಟಿದೆಯಾ? ಇಡೀ ಹಟ್ಟಿಗೆ ನೀನೊಬ್ಬಳೇ ಸೂಲಗಿತ್ತಿ" ಎಂದು ಓಬಣ್ಣ ಅಡ್ಡ ಬಂದ.

"ಅದಕ್ಕೇ ಹೋಗ್ತಿರೋದು. ಇನ್ನೊಬ್ಬಳಿದ್ದಿದ್ದರೆ ಅವಳನ್ನು ಕಳಿಸಿ ನಾನು ನಿನ್ನ ಹಿಂದೆ ಓಡಿಬರ್ತಿದ್ದೆ" ಎಂದಳು ಬೋರಕ್ಕ.

ಬೋರಕ್ಕ ಈರಕ್ಕನನ್ನು ಎಬ್ಬಿಸಿ ಅವಳ ಮನೆ ಸೇರಿಸುವ ಹೊತ್ತಿಗೆ ಹಿಂದೆ ಮುಳ್ಳು ಬಡಿಯುವ ಸದ್ದು ಕೇಳಿಸಿತು. ಆಮೇಲೆ ಯಾವ ಸದ್ದೂ ಇಲ್ಲ. ಬೆಳಕು ಹರಿದರೂ ಕೋಳಿ ಕೂಗಲಿಲ್ಲ, ಒಂದು ಕರು ಅಂಬಾ ಎನ್ನಲಿಲ್ಲ, ಯಾವ ಮಾಡಿನಿಂದಲೂ ಹೊಗೆ ಏಳಲಿಲ್ಲ. ಬೋರಕ್ಕ ಹುಟ್ಟಿ ಬೆಳೆದ ಊರು ಅದು. ಆದರೆ ಅದರ ಮೌನವನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಒಲೆ ಹಚ್ಚಲೇ ಎಂದು ಕೈ ಚಕಮಕಿ ಕಲ್ಲಿನ ಕಡೆ ಹೋಯಿತು, ನಿಂತಿತು. ಉಳಿಯಬಾರದು ಎಂಬ ಕಟ್ಟಳೆಯನ್ನು ಬೇರೆ ದಾರಿಯಿಲ್ಲದೆ ಮುರಿದದ್ದಾಯಿತು, ಬೆಂಕಿಯ ಕಟ್ಟಳೆಯನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡಳು. ಮನೆಯ ಮುಂದೆಯೇ ಕರಿಬಂಡೆ ಇತ್ತು. ಬಿಸಿಲೇರಿದರೆ ಅದರ ಮೇಲೆ ಕಾಲಿಡಲಾಗುತ್ತಿರಲಿಲ್ಲ. ತಂಬಿಗೆ, ಗಡಿಗೆಗಳಿಗೆ ನೀರು ತುಂಬಿ ಬಂಡೆಯ ಮೇಲಿಟ್ಟಳು. ಕಾದ ನೀರು ಬೇಕಾದಾಗ ತಂದುಕೊಳ್ಳುವುದಕ್ಕಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವಳ ತಾಯಿಯೂ ಸೂಲಗಿತ್ತಿಯೇ. ತಾಯಿ ಕಲಿಸಿದ ಕಟ್ಟುಪಾಡು ಕೆಲವು ಇದ್ದವು. ಉಗುರು ಬೆಳೆಸಬಾರದು. ಹೆರುವವಳ ಮುಂದೆ ದನಿ ಏರಿಸಬಾರದು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬರಕೂಡದು. ಹೊಟ್ಟೆ ಮುಟ್ಟಿದ ಮೇಲೆ, ಮಗುವಿನ ಹಿಂದೆ ಮಾಸು ಬೀಳುವವರೆಗೆ, ಮನೆಗೆ ಬೆಂಕಿ ಬಿದ್ದರೂ, ಸೂಲಗಿತ್ತಿ ಹೊಸ್ತಿಲು ದಾಟಕೂಡದು. ಅದಕ್ಕೇ ಬಿಸಿಲು ಏರುವಷ್ಟು ಹೊತ್ತು ಹೊರಗೇ ಕಾದು, ನೀರು ಬೆಚ್ಚಗಾದ ಮೇಲೆ ಒಂದು ಗಡಿಗೆಯನ್ನು ಒಳಗೆ ಒಯ್ದಳು. ಮಾಸು ಬಿದ್ದ ಮೇಲೆ ಬಾಣಂತಿಯ ಸ್ನಾನಕ್ಕೆ ಬೇಕು ಎಂದು ಉಳಿದವನ್ನು ಬಿಸಿಲಲ್ಲೇ ಬಿಟ್ಟಳು. ಕೈ ತೊಳೆದು, ಅಮ್ಮಾ ನಿನ್ನದೇ ಊರು, ನಿನ್ನದೇ ಮಕ್ಕಳು ಎಂದು ಹೇಳಿಕೊಂಡು ಈರಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ದೊಡ್ಡವ್ವ, ಅವಳು ಬರ್ತಾಳಾ?" ಎಂದು ಈರಕ್ಕ ಕೇಳಿದಳು.

"ನಿನ್ನ ಕೂಸು ಬರೋದನ್ನ ನೋಡು ಮೊದಲು. ಬರೋರನ್ನೆಲ್ಲ ಎಣಿಸೋಕೆ ನೀನೇನು ಊರಬಾಗಿಲು ಕಾಯೋ ತಳವಾರನಾ?"

ಈರಕ್ಕ ನೋವಿನ ನಡುವೆಯೂ ನಕ್ಕಳು. ಬೋರಕ್ಕ ನಗಲಿಲ್ಲ. ಅವಳ ಕಿವಿ ಬೀದಿಯಲ್ಲಿತ್ತು.

ಹೊತ್ತು ನೆತ್ತಿಗೇರಿದಾಗ ಬೀದಿಯ ಆ ಕೊನೆಯಲ್ಲಿ ಒಂದು ಬಾಗಿಲು ಕಿರುಗುಟ್ಟಿತು. ಗಾಳಿಯಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಾಗಿಲು, ಅದರ ಪಕ್ಕದ್ದು, ಅದರ ಪಕ್ಕದ್ದು. ಎಲ್ಲೋ ಒಂದು ಮಡಕೆ ಉರುಳಿತು. ಆಮೇಲೆ ಕಾಲ್ಕಡಗದ ಸದ್ದು. ಅವಸರವಿಲ್ಲದ ನಡಿಗೆ. ಒಂದೊಂದು ಮನೆಯ ಮುಂದೆಯೂ ನಿಂತು, ಹೊಕ್ಕು, ಹೊರಬಂದು, ದಿಬ್ಬದ ತುದಿಯ ಕಡೆಗೇ ಬರುತ್ತಿತ್ತು. ಮಗಳ ಕೊನೆಯ ದಿನದಂದು ಮನೆಯಲ್ಲಿ ತುಂಬಿದ್ದ ವಾಸನೆ, ಬೇವು, ಅರಿಸಿನ, ಕಾದ ಮೈಯ ವಾಸನೆ, ಬಾಗಿಲಿನಿಂದ ಒಳಗೆ ನುಗ್ಗಿತು. ಓಡು ಎಂದಿತು ಮನಸ್ಸು. ಹಿತ್ತಲ ಕಡೆಗೆ ಒಂದು ಸಣ್ಣ ಬಾಗಿಲು ಇತ್ತು. ಭಯ ಬಂದಾಗ ಕೈಗೆ ಕೆಲಸ ಕೊಡು, ಕೈ ಮನಸ್ಸನ್ನು ಎಳೆದು ತರುತ್ತದೆ ಎಂದು ತಾಯಿ ಹೇಳುತ್ತಿದ್ದಳು. ಬೋರಕ್ಕ ಹರಳೆಣ್ಣೆ ಸವರಿ, ಹೊಟ್ಟೆ ನೀವಿ, ಮಗುವಿನ ತಲೆ ಎಲ್ಲಿದೆ ಎಂದು ನೋಡಿದಳು. ತಲೆ ಕೈಗೆ ಸಿಕ್ಕಿತು. ಅದೇ ಗಳಿಗೆಗೆ ಹೊಸ್ತಿಲ ಮೇಲೆ ನೆರಳು ಬಿತ್ತು.

ಹೆರಿಗೆ ಮನೆಯ ಬಾಗಿಲಲ್ಲಿ ನೆರಳು ಬೀಳುವುದು ಬೋರಕ್ಕನಿಗೆ ಹೊಸದಲ್ಲ. ಅತ್ತೆ, ನಾದಿನಿ, ನೆರೆಯವರು ಇಣುಕುತ್ತಲೇ ಇರುತ್ತಿದ್ದರು. ಅವರನ್ನು ತಡೆದು ತಡೆದು ನಾಲಿಗೆಗೆ ರೂಢಿಯಾಗಿದ್ದ ಮಾತು ತಲೆಯೆತ್ತುವ ಮೊದಲೇ ಬಾಯಿಂದ ಬಂದುಬಿಟ್ಟಿತು: "ಕಾಲು ತೊಳೀದೆ ಒಳಗೆ ಬರಬೇಡ. ಅಲ್ಲೇ ಕೂತ್ಕೊ."

ಹೇಳಿದ್ದು ಯಾರಿಗೆ ಎಂಬುದು ಆಮೇಲೆ ಹೊಳೆಯಿತು. ನೆರಳು ಅಲುಗಲಿಲ್ಲ. ಕಾಲ್ಕಡಗ ಒಮ್ಮೆ ಸದ್ದು ಮಾಡಿತು. ಬೋರಕ್ಕ ಕಣ್ಣನ್ನು ಮಗುವಿನ ತಲೆಯಿಂದ ಕೀಳಲಿಲ್ಲ. ಕಿತ್ತರೆ ಮತ್ತೆ ಅಲ್ಲಿಗೆ ತರುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ನೆರಳು ನಿಧಾನವಾಗಿ ಕುಗ್ಗಿತು. ಹೊಸ್ತಿಲ ಹೊರಗೆ ಯಾರೋ ಕುಳಿತುಕೊಂಡರು.

ಎಷ್ಟು ಹೊತ್ತು ಹಾಗೆ ಕಳೆಯಿತೋ ಹೇಳುವವರಿಲ್ಲ. ಹೊರಗಿನ ಉಸಿರು ಒಳಗೆ ಕೇಳಿಸುತ್ತಿತ್ತಂತೆ. ಅದರ ಕಾವಿಗೆ ಬಾಗಿಲ ಬಳಿಯ ಸಗಣಿ ಸಾರಿಸಿದ ನೆಲ ಬಿರಿಯಿತಂತೆ. ಕೊನೆಯ ನೋವಿನಲ್ಲಿ ಈರಕ್ಕ ಕಾಲು ಜಾಡಿಸಿದಾಗ ಗಡಿಗೆ ಉರುಳಿ ಒಳಗಿದ್ದ ನೀರೆಲ್ಲ ನೆಲದ ಪಾಲಾಯಿತು. ಮಗು ಹುಟ್ಟಿತು. ಹೆಣ್ಣು ಮಗು. ಮೈ ನೀಲಿಗಟ್ಟಿತ್ತು, ಅಳಲಿಲ್ಲ. ಬೋರಕ್ಕ ಬಾಯೊಳಗಿನ ಲೋಳೆ ತೆಗೆದಳು, ಬೆನ್ನು ತಟ್ಟಿದಳು, ಮೂಗಿಗೆ ಊದಿದಳು. ಮಗು ತಣ್ಣಗಾಗುತ್ತ ಬಂತು. ಬೆಚ್ಚನೆಯ ನೀರು ಬೇಕಿತ್ತು. ನೀರು ಬಂಡೆಯ ಮೇಲಿತ್ತು. ಹೊಕ್ಕುಳಬಳ್ಳಿ ಇನ್ನೂ ತಾಯಿಗೂ ಮಗುವಿಗೂ ನಡುವೆ ಇತ್ತು, ಹೊಸ್ತಿಲು ದಾಟುವಂತಿರಲಿಲ್ಲ. ಹೊರಗಿದ್ದವಳನ್ನು ಬಿಟ್ಟರೆ ಇಡೀ ಊರಿನಲ್ಲಿ ಕೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ.

ತನ್ನ ಮಗಳನ್ನು ಒಯ್ದವಳನ್ನು ಬೋರಕ್ಕ ಅದುವರೆಗೆ ಏನನ್ನೂ ಕೇಳಿರಲಿಲ್ಲ. ದಿನವೂ ದೀಪ ಹಚ್ಚಿ, ಕೈಮುಗಿದು, ತಲೆತಗ್ಗಿಸಿ ಬಂದಿದ್ದಳು ಅಷ್ಟೇ. ಈಗ ಕೇಳಿದಳು.

"ತಾಯಿ, ಬಂಡೆ ಮೇಲೆ ತಂಬಿಗೆ ಇದೆ. ಕೊಡು."

ಕಾಲ್ಕಡಗದ ಸದ್ದು ದೂರ ಹೋಯಿತು. ಮತ್ತೆ ಹತ್ತಿರ ಬಂತು. ಒಂದು ಕೈ ತಂಬಿಗೆಯನ್ನು ಹಿಡಿದು ಹೊಸ್ತಿಲ ಮೇಲಿನಿಂದ ಒಳಕ್ಕೆ ಚಾಚಿತು. ಮುಂಗೈ ತುಂಬ ಸಿಡುಬಿನ ಕಲೆಗಳಿದ್ದವು. ಅಂಥ ಕಲೆಗಳನ್ನು ಬೋರಕ್ಕ ತನ್ನ ಮಗಳ ಕೈಯ ಮೇಲೆ ಕೊನೆಯ ಸಲ ನೋಡಿದ್ದಳು. ಬೆರಳಿಗೆ ಬೆರಳು ತಾಗಿತು. ಸುಟ್ಟಂತಾಯಿತು. ತಂಬಿಗೆ ಬೀಳಲಿಲ್ಲ. ನೀರು ಮೈಮೇಲೆ ಬಿದ್ದ ಕೂಡಲೇ ಮಗು ಒಮ್ಮೆ ಬಿಕ್ಕಿ, ಆಮೇಲೆ ಖಾಲಿ ಊರೆಲ್ಲ ಕೇಳುವಂತೆ ಅತ್ತಿತು.

ಹೊತ್ತು ಮುಳುಗಿದ ಮೇಲೆ ಜನ ಹೊಸ ಬೆಂಕಿ ಹಿಡಿದು ದಿಬ್ಬ ಹತ್ತಿದರು. ಹೆಣಗಳನ್ನು ನೋಡಬೇಕಾದೀತು ಎಂದು ಹೆಂಗಸರು ಹಿಂದೆ ಉಳಿದಿದ್ದರು. ಓಬಣ್ಣ ದೂರದಿಂದಲೇ ಕೂಗಿದ.

"ಬೋರಕ್ಕ, ಇದ್ದೀಯಾ?"

"ಇದ್ದೀನಿ. ಮಾಸು ಇನ್ನೂ ಬಿದ್ದಿಲ್ಲ. ಕಿರುಚಬೇಡ."

ಬದುಕಿದ್ದಾರೆ ಎಂದು ತಿಳಿದಾಗ ಜನರ ಭಯ ಇಮ್ಮಡಿಯಾಯಿತು. ಸತ್ತಿದ್ದರೆ ಮಣ್ಣು ಮಾಡಬಹುದಿತ್ತು. ಬದುಕಿದವರನ್ನು ಏನು ಮಾಡುವುದು? ಓಬಣ್ಣ ಕೆಟ್ಟವನಲ್ಲ. ಬಾಗಿಲ ಬಳಿ ಬಂದು ತಡವರಿಸುತ್ತ ಹೇಳಿದ: "ಕಟ್ಟಳೆ ನಿನಗೂ ಗೊತ್ತು. ಉಳಿದದ್ದು ಅಮ್ಮನ ಪಾಲು. ನಿಮ್ಮನ್ನು ಗಡಿ ದಾಟಿಸಬೇಕಾಗುತ್ತೆ. ಕೂಸನ್ನೂ."

"ಅಮ್ಮನ ಪಾಲೇ. ನಾನು ಅಲ್ಲ ಅಂದೆನಾ?" ಎಂದಳು ಬೋರಕ್ಕ. ದನಿ ಏರಿಸಲಿಲ್ಲ. "ನಡುಮಧ್ಯಾಹ್ನ ಬಂದು ನೀನು ನಿಂತಿರೋ ಜಾಗದಲ್ಲೇ ಕೂತಿದ್ದಳು. ಕೈಯಾರೆ ನೀರು ಕೊಟ್ಟು ತನ್ನ ಪಾಲನ್ನ ಉಳಿಸಿಕೊಂಡಳು. ಅವಳೇ ದಾಟದ ಹೊಸ್ತಿಲು ಇದು. ನೀನು ದಾಟಿ ಎಳೆದುಕೊಂಡು ಹೋಗೋದಾದರೆ ಬಾ ಓಬಣ್ಣ. ಕಾಲು ತೊಳೆದುಕೊಂಡು ಬಾ."

ಓಬಣ್ಣ ತನ್ನ ಕಾಲಡಿಯನ್ನು ನೋಡಿಕೊಂಡ. ಪಂಜಿನ ಬೆಳಕಿನಲ್ಲಿ ಹೊಸ್ತಿಲ ಹೊರಗಿನ ನೆಲ ಒಬ್ಬರು ಕೂರುವಷ್ಟು ಅಗಲಕ್ಕೆ ಬಿರಿದು ಕಪ್ಪಾಗಿತ್ತು. ಅವನು ಜಿಗಿದು ಪಕ್ಕಕ್ಕೆ ಸರಿದ. ಅಲ್ಲಿಂದಲೇ ಕೇಳಿದ: "ಅಮ್ಮನ ಮುಖ ನೋಡಿದೆಯಾ?"

"ನನ್ನ ಕಣ್ಣು ಕೂಸಿನ ಮೇಲಿತ್ತು."

ಓಬಣ್ಣ ಪಂಜನ್ನು ಪಕ್ಕದವನ ಕೈಗೆ ಕೊಟ್ಟು, ಬಂಡೆಯ ಮೇಲಿದ್ದ ಗಡಿಗೆಯ ನೀರಿನಿಂದ ಕಾಲು ತೊಳೆದು, ಆದರೂ ಒಳಗೆ ಹೋಗದೆ, ಹೊರಗೇ ಕುಳಿತ. ಅವನು ಕುಳಿತದ್ದನ್ನು ನೋಡಿ ಒಬ್ಬೊಬ್ಬರಾಗಿ ಉಳಿದವರೂ ಕಾಲು ತೊಳೆದು ಕುಳಿತರು. ಮಾಸು ಬಿದ್ದ ಮೇಲೆ ಬೋರಕ್ಕ ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಬಂದಾಗ, ಹೊಸ ಬೆಂಕಿಯಿಂದ ಹಚ್ಚಿದ ಮೊದಲ ದೀಪವನ್ನು ಓಬಣ್ಣ ಆ ಮನೆಯ ಮುಂದೆ ಇಟ್ಟ. ಗಡಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಬೇನೆ ಆ ದಿನಕ್ಕೇ ನಿಂತಿತು ಎಂದು ಕೆಲವರು ಹೇಳುತ್ತಾರೆ. ಇಲ್ಲ, ಆಮೇಲೂ ಕೆಲವು ಮನೆಗಳಲ್ಲಿ ಬೇವು ಕಟ್ಟಿದ್ದರು ಎನ್ನುವವರೂ ಇದ್ದಾರೆ. ಬೋರಕ್ಕ ಗುಡಿಗೆ ದೀಪ ಹಚ್ಚುವುದನ್ನು ಬಿಡಲಿಲ್ಲ ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಭಯ ಹೋಯಿತೇ ಎಂದು ಈರಕ್ಕ ಕೇಳಿದ್ದಕ್ಕೆ, ಹೋಗಿಲ್ಲ, ಆದರೆ ಈಗ ಅದು ಹೊರಗೆ ಕೂರುತ್ತದೆ ಎಂದಳಂತೆ. ಮುಂದೆ ಊರು ಕೆಳಕ್ಕೆ ಇಳಿದಾಗ ಜನ ಮನೆಗಳ ಕಲ್ಲು, ತೊಲೆಗಳನ್ನೆಲ್ಲ ಕಿತ್ತು ಒಯ್ದರು. ಈ ಬಾಗಿಲುವಾಡವನ್ನು ಮುಟ್ಟಲಿಲ್ಲ.

ಈಗಲೂ ದಿನ ತುಂಬಿದ ಹೆಂಗಸರು ತಾಯಂದಿರೊಡನೆ ದಿಬ್ಬ ಹತ್ತುತ್ತಾರೆ. ಕಾಲು ತೊಳೆದು, ಬಾಗಿಲಿನ ಹೊರಗೆ ಸ್ವಲ್ಪ ಹೊತ್ತು ಕುಳಿತು, ಹೆಚ್ಚು ಮಾತಾಡದೆ ಇಳಿದುಬಿಡುತ್ತಾರೆ. ಅವರು ಅರಿಸಿನ ಹಚ್ಚುವ ಕಲ್ಲು ಹೊಸ್ತಿಲಿಗೆ ಒರಗಿಕೊಂಡಿದೆ. ಬಗ್ಗಿ ನೋಡಿದರೆ ಅದರ ಮೇಲೆ ಮೊಣಕೈವರೆಗಿನ ಒಂದು ಕೈ, ಕೈಯಲ್ಲಿ ಒಂದು ತಂಬಿಗೆ ಕಾಣುತ್ತದೆ. ಮುಂಗೈಯ ಮೇಲೆ ಶಿಲ್ಪಿ ಚಾಣದ ಮೊನೆಯಿಂದ ಸಣ್ಣ ಸಣ್ಣ ಗುಳಿ ಹೊಡೆದಿದ್ದಾನೆ. ಕಲ್ಲಿನ ಉಳಿದ ಭಾಗ ನುಣುಪಾಗಿದೆ, ಅಲ್ಲಿ ಏನನ್ನೂ ಕೆತ್ತಿಲ್ಲ. ಅಮ್ಮನಿಗೆ ಮುಖ ಯಾಕಿಲ್ಲ ಎಂದು ಹೊರಗಿನವರು ಕೇಳುತ್ತಾರೆ. ನೋಡಿದವರು ಯಾರೂ ಇಲ್ಲ ಎಂದು ಹಟ್ಟಿಯವರು ಹೇಳುತ್ತಾರೆ, ಹೇಳುವಾಗ ಅವರೂ ಕಣ್ಣು ಎತ್ತುವುದಿಲ್ಲ.